ತುಕ್ಕು ಹಿಡಿಯದ ಉಕ್ಕಿನ ಕುಲಗೋತ್ರ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಕೇಳದವರಿಲ್ಲ. ಹೊಳೆಯುವುದೆಲ್ಲ ಒಂದೇ ಉಕ್ಕಲ್ಲವೆಂಬ ಮಾತು ಮಾತ್ರ ಅಷ್ಟು ಜನರಿಗೆ ತಿಳಿದಂತಿಲ್ಲ. ಅಡಿಗೆಮನೆಯ ಲೋಟ, ಕೊಳವೆ ಬಾವಿಯ ಪಂಪಿನ ದಂಡ, ಸಕ್ಕರೆ ಕಾರ್ಖಾನೆಯ ಕೊಳವೆ, ಅಣೆಕಟ್ಟಿನ ಕೆಳಗೆ ತಿರುಗುವ ಜಲಚಕ್ರ, ಕಾಗದದ ತಿರುಳನ್ನು ಬೆಳ್ಳಗೆ ಮಾಡುವ ತೊಟ್ಟಿ, ಇವೆಲ್ಲವನ್ನೂ ನಾವು 'ಸ್ಟೀಲಿನದು' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಇವುಗಳಲ್ಲಿ ಒಂದಕ್ಕೆ ಒಗ್ಗುವ ಉಕ್ಕು ಇನ್ನೊಂದಕ್ಕೆ ಒಗ್ಗದು. ಒಗ್ಗದ ಉಕ್ಕನ್ನು ಹಾಕಿದರೆ ಅದು ಹೊರಗಿನ ಹೊಳಪನ್ನು ಕಳೆದುಕೊಳ್ಳದೆಯೇ ಸೂಜಿಮೊನೆಯಷ್ಟು ಜಾಗದಲ್ಲಿ ತೂತು ಬಿದ್ದು, ತನ್ನಲ್ಲಿರುವ ಆಮ್ಲವನ್ನೋ ಕುದಿಯುವ ದ್ರವವನ್ನೋ ಹೊರಗೆ ಬಿಡಬಹುದು.

ಈ ವಿಷಯವನ್ನು ತಿಳಿಯಲು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳನ್ನು ಸುತ್ತಿದರೆ ಸಾಕು. ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬಲ್ಲಿ ಹುಟ್ಟುವ ಕಾಳೀನದಿ ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ದಾರಿಯಲ್ಲಿ ಅದು ಜಲಾಶಯವಾಗಿ ನಿಲ್ಲುತ್ತದೆ, ವಿದ್ಯುದ್ಯಂತ್ರಗಳನ್ನು ತಿರುಗಿಸುತ್ತದೆ, ಕಾಗದ ಕಾರ್ಖಾನೆಗೆ ನೀರೊದಗಿಸುತ್ತದೆ. ಹಳಿಯಾಳದಲ್ಲಿ ಕಬ್ಬು ಸಕ್ಕರೆಯಾಗುತ್ತದೆ. ಮುಂಡಗೋಡದ ಹೊಲಗಳಿಗೆ ಕೊಳವೆ ಬಾವಿಗಳೂ ನೀರೆತ್ತುತ್ತವೆ. ಒಂದೊಂದೆಡೆಯಲ್ಲಿಯೂ ಉಕ್ಕಿಗೆ ಎದುರಾಗುವ ವೈರಿ ಬೇರೆ. ಆದುದರಿಂದ ಅಲ್ಲಿ ಬೇಕಾಗುವ ಉಕ್ಕೂ ಬೇರೆ.

ತುಕ್ಕೆಂದರೇನು?

ಕಬ್ಬಿಣವು ಪ್ರಕೃತಿಯಲ್ಲಿ ಲೋಹವಾಗಿ ಸಿಗುವುದು ಬಲು ಅಪರೂಪ. ಅದು ಆಮ್ಲಜನಕದೊಡನೆ ಕೂಡಿ ಅದಿರಾಗಿರುವುದೇ ಹೆಚ್ಚು. ಕುಲುಮೆಯಲ್ಲಿ ಬಹಳ ಶಕ್ತಿಯನ್ನು ವ್ಯಯಮಾಡಿ ನಾವು ಆ ಆಮ್ಲಜನಕವನ್ನು ಬಿಡಿಸುತ್ತೇವೆ. ಅವಕಾಶ ಸಿಕ್ಕಿದೊಡನೆ ಕಬ್ಬಿಣವು ತನ್ನ ಮೊದಲ ಸ್ಥಿತಿಗೆ ಮರಳಲು ಹವಣಿಸುತ್ತದೆ. ಈ ಮರಳುವಿಕೆಯೇ ತುಕ್ಕು.

ಇದು ಒಂದು ವಿದ್ಯುತ್ಕ್ರಿಯೆ. ಒದ್ದೆಯಾದ ಕಬ್ಬಿಣದ ಮೇಲ್ಮೈಯಲ್ಲಿ ಒಂದು ಚುಕ್ಕೆ ಆನೋಡಿನಂತೆ ವರ್ತಿಸಿದರೆ ಪಕ್ಕದ ಇನ್ನೊಂದು ಕ್ಯಾಥೋಡಿನಂತೆ ವರ್ತಿಸುತ್ತದೆ. ಮೊದಲನೆಯ ಕಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟು ಅಯಾನುಗಳಾಗಿ ನೀರಿಗಿಳಿಯುತ್ತವೆ. ಆ ಎಲೆಕ್ಟ್ರಾನುಗಳು ಲೋಹದ ಮೂಲಕವೇ ಹರಿದು ಎರಡನೆಯ ಕಡೆಗೆ ಹೋಗಿ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕೂಡುತ್ತವೆ. ಹೀಗೆ ಒಂದು ಕಿರಿಯ ವಿದ್ಯುತ್ಕೋಶ ಏರ್ಪಟ್ಟು ಲೋಹ ಸವೆಯುತ್ತದೆ. ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವ, ಹುಡಿಹುಡಿಯಾದ ವಸ್ತು. ಅದು ಚಕ್ಕೆಯಾಗಿ ಉದುರಿ ಹೊಸ ಲೋಹವನ್ನು ಗಾಳಿಗೂ ನೀರಿಗೂ ಒಡ್ಡುತ್ತದೆ. ಆದುದರಿಂದ ತುಕ್ಕು ಕಬ್ಬಿಣವನ್ನು ಮುಚ್ಚಿ ಕಾಪಾಡಲಾರದು.

ಕಾಣದ ಪೊರೆ

ಇದೇ ಕಬ್ಬಿಣಕ್ಕೆ ಶೇಕಡ 10.5ಕ್ಕೆ ಕಡಿಮೆಯಿಲ್ಲದಂತೆ ಕ್ರೋಮಿಯಮ್ ಬೆರಸಿದರೆ ಕಥೆಯೇ ಬದಲಾಗುತ್ತದೆ. ಕ್ರೋಮಿಯಮಿಗೆ ಆಮ್ಲಜನಕದ ಮೇಲಿನ ಪ್ರೀತಿ ಕಬ್ಬಿಣಕ್ಕಿಂತಲೂ ಹೆಚ್ಚು. ಆದರೆ ಅದರ ಆಕ್ಸೈಡು ಹುಡಿಯಾಗುವುದಿಲ್ಲ. ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ತೆಳುವಾದ, ಸಂದಿಲ್ಲದ ಪೊರೆಯಾಗುತ್ತದೆ. ಈ ಪೊರೆಯ ದಪ್ಪ ಒಂದರಿಂದ ಮೂರು ನ್ಯಾನೋಮೀಟರು. ನಾವು ಬರೆಯುವ ಕಾಗದದ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವೆಂದಿಟ್ಟುಕೊಂಡರೆ, ಪೊರೆಯು ಅದರ ಐವತ್ತು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಅದು ಕಣ್ಣಿಗೆ ಕಾಣುವುದಿಲ್ಲ. ನಾವು ನೋಡುವ ಹೊಳಪು ಕೆಳಗಿನ ಲೋಹದ್ದು.

ಪೊರೆಯ ಇನ್ನೊಂದು ಗುಣ ಬಣ್ಣಕ್ಕಾಗಲಿ ಕಲಾಯಿಗಾಗಲಿ ಇಲ್ಲದ್ದು. ಗೀಚಿ ಹರಿದರೆ, ಗಾಳಿಯ ಅಥವಾ ನೀರಿನ ಆಮ್ಲಜನಕವನ್ನು ಹಿಡಿದು ಅದು ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಇಲ್ಲಿಯೇ ಒಂದು ನಿಬಂಧನೆಯೂ ಇದೆ. ಪೊರೆ ಹೊಸದಾಗಿ ಹುಟ್ಟುವ ವೇಗವು ಅದನ್ನು ಕೆಡಿಸುವ ವೇಗಕ್ಕಿಂತ ಹೆಚ್ಚಾಗಿರಬೇಕು. ಈ ಪಂದ್ಯದಲ್ಲಿ ಪೊರೆ ಸೋಲುವ ಸನ್ನಿವೇಶಗಳೂ ಉಂಟು. ತುಕ್ಕು ಹಿಡಿಯದ ಉಕ್ಕಿನ ಬಗೆಗಳು ಇಷ್ಟೊಂದಾಗಲು ಕಾರಣ ಅದೇ.

ಕ್ರೋಮಿಯಮ್ ಬೆರೆತ ಕಬ್ಬಿಣ ಆಮ್ಲಗಳಿಗೆ ಜಗ್ಗದೆಂಬುದನ್ನು ಫ್ರಾನ್ಸಿನ ಪಿಯರ್ ಬರ್ತಿಯೆ 1821ರಲ್ಲಿಯೇ ಗಮನಿಸಿದ್ದನು. ಆದರೆ ಇಂಗಾಲವನ್ನು ತಕ್ಕಷ್ಟು ತಗ್ಗಿಸುವ ವಿದ್ಯೆ ಆಗ ಇರಲಿಲ್ಲವಾಗಿ ಲೋಹ ಪೆಡಸಾಗಿ ಒಡೆಯುತ್ತಿತ್ತು. ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಬೆನ್ನೋ ಸ್ಟ್ರೌಸ್ ಮತ್ತು ಎಡುವರ್ಡ್ ಮೌರರ್ ಎಂಬವರು ಕ್ರೋಮಿಯಮಿನ ಜೊತೆಗೆ ನಿಕ್ಕಲನ್ನೂ ಸೇರಿಸಿದ ಉಕ್ಕನ್ನು ರೂಪಿಸಿದರು. 1912ರಲ್ಲಿ ಅದಕ್ಕೆ ಹಕ್ಕುಪತ್ರದ ಅರ್ಜಿ ಸಲ್ಲಿಕೆಯಾಯಿತು. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಬಂದೂಕಿನ ನಳಿಗೆಗೆ ಸವೆಯದ ಉಕ್ಕನ್ನು ಅರಸುತ್ತಿದ್ದ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಶೇಕಡ 12.8 ಕ್ರೋಮಿಯಮಿನ ಉಕ್ಕನ್ನು ಎರಕ ಹೊಯ್ಯಿಸಿದನು. ಸೂಕ್ಷ್ಮದರ್ಶಕದ ಪರೀಕ್ಷೆಗಾಗಿ ಆಮ್ಲ ಸವರಿದಾಗ ಅದು ಸುಲಭವಾಗಿ ಕೊರೆಯದಿರುವುದನ್ನು ಕಂಡು, ಚೂರಿ ಚಮಚಗಳಿಗೆ ತಕ್ಕ ಲೋಹ ಇದೆಂದು ಅವನು ಊಹಿಸಿದನು. 'ಸ್ಟೇನ್‌ಲೆಸ್', ಎಂದರೆ ಕಲೆಯಿಲ್ಲದ್ದು, ಎಂಬ ಹೆಸರು ಆ ಊರಿನ ಚೂರಿ ತಯಾರಕರಿಂದಲೇ ಬಂದಿತು.

ನಾಲ್ಕು ಮನೆತನಗಳು

ಈ ಉಕ್ಕುಗಳನ್ನು ಅವುಗಳ ಹರಳಿನ ರಚನೆಗೆ ಅನುಸಾರವಾಗಿ ನಾಲ್ಕು ಮನೆತನಗಳಾಗಿ ಮುಖ್ಯವಾಗಿ ವಿಂಗಡಿಸುತ್ತಾರೆ.

ಮೊದಲನೆಯದು ಆಸ್ಟೆನೈಟ್ ಮನೆತನ. ಇದರಲ್ಲಿ ಪರಮಾಣುಗಳು ಘನಾಕೃತಿಯ ಎಂಟು ಮೂಲೆಗಳಲ್ಲಿಯೂ ಆರು ಮುಖಗಳ ನಡುವೆಯೂ ನೆಲಸಿರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಈ ರಚನೆಯನ್ನು ಉಳಿಸುವುದಕ್ಕೆ ನಿಕ್ಕಲ್ ಬೇಕು. ಶೇಕಡ 18 ಕ್ರೋಮಿಯಮ್, 8 ನಿಕ್ಕಲ್ ಉಳ್ಳ '18-8' ಉಕ್ಕು, ಎಂದರೆ ಅಮೆರಿಕದ ಎಣಿಕೆಯ 304, ಈ ಮನೆಯ ಹಿರಿಯ. ಬಾಗಿಸಲು, ಬೆಸೆಯಲು, ಆಳವಾಗಿ ಒತ್ತಿ ಪಾತ್ರೆಯಾಗಿಸಲು ಇದು ಸುಲಭ. ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಎರಡನೆಯದು ಫೆರೈಟ್ ಮನೆತನ. ಪರಮಾಣುಗಳು ಘನದ ಮೂಲೆಗಳಲ್ಲಿ ಮತ್ತು ನಟ್ಟನಡುವೆ ಇರುತ್ತವೆ. ನಿಕ್ಕಲ್ ಇಲ್ಲವೇ ಇಲ್ಲವೆನ್ನುವಷ್ಟು ಅಲ್ಪ; ಆದುದರಿಂದ ಬೆಲೆ ಕಡಿಮೆ. 430, 409, 439 ಎಂಬುವು ಈ ಕುಲದವು. ಅಯಸ್ಕಾಂತ ಇವನ್ನು ಸೆಳೆಯುತ್ತದೆ. ಇವು ಅಗ್ಗದ ಬದಲಿಗಳು ಮಾತ್ರವೆಂದು ತಿಳಿಯಬಾರದು. ಸಕ್ಕರೆ ಕಾರ್ಖಾನೆಯನ್ನೇ ನೋಡೋಣ. ಹಳಿಯಾಳದಂತಹ ಕಡೆ ಕಬ್ಬಿನ ರಸವನ್ನು ಸುಣ್ಣದಿಂದ ತಿಳಿಗೊಳಿಸಿ, ಹಬೆಯ ಬಿಸಿಯಿಂದ ಗಟ್ಟಿಯಾಗಿಸುವಾಗ, ಶಾಖವು ಕೊಳವೆಯ ಗೋಡೆಯನ್ನು ದಾಟಿ ರಸಕ್ಕೆ ಬರಬೇಕು. ಫೆರೈಟ್ ಉಕ್ಕು 304ಕ್ಕಿಂತ ಸುಮಾರು ಒಂದೂವರೆ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ; ಕಾದಾಗ ಹಿಗ್ಗುವುದೂ ಕಡಿಮೆ. ಹತ್ತು ಮೀಟರು ಉದ್ದದ 304ರ ಕೊಳವೆ ನೂರು ಡಿಗ್ರಿ ಕಾದರೆ ಸುಮಾರು 17 ಮಿಲಿಮೀಟರು ಬೆಳೆಯುತ್ತದೆ. ಅಷ್ಟೇ ಉದ್ದದ ಫೆರೈಟ್ ಕೊಳವೆ 11 ಮಿಲಿಮೀಟರಿಗೂ ತುಸು ಕಡಿಮೆ. ಕೊಳವೆಗಳ ಕೀಲು ಸಡಿಲವಾಗದಿರಲು ಈ ವ್ಯತ್ಯಾಸ ನೆರವಾಗುತ್ತದೆ. ಭಾರತದ ಸಕ್ಕರೆ ಕಾರ್ಖಾನೆಗಳಲ್ಲಿ 304ರ ಜೊತೆಗೆ 439ರ ಕೊಳವೆಗಳೂ ಬಳಕೆಗೆ ಬಂದಿರುವುದು ಈ ಕಾರಣದಿಂದ.

ಮೂರನೆಯದು ಮಾರ್ಟೆನ್ಸೈಟ್ ಮನೆತನ. ಬ್ರಿಯರ್ಲಿಯ ಉಕ್ಕು ಇದೇ ಕುಲದ್ದು. ಇದರಲ್ಲಿ ಕ್ರೋಮಿಯಮ್ ಶೇಕಡ 12ರಿಂದ 13ರ ಸುಮಾರು. ಕಾಯಿಸಿ ತಟ್ಟನೆ ತಣಿಸಿದರೆ ಗಡಸಾಗುತ್ತದೆ. ತುಕ್ಕನ್ನು ತಡೆಯುವ ಶಕ್ತಿ ಸಾಧಾರಣ. ಬಲವೂ ಸವೆತವನ್ನು ತಾಳುವ ಗುಣವೂ ಹೆಚ್ಚು. ಮುಂಡಗೋಡದ ರೈತನ ಕೊಳವೆ ಬಾವಿಯಲ್ಲಿ ಮುಳುಗಿ ತಿರುಗುವಂತಹ ಪಂಪುಗಳ ದಂಡಕ್ಕೆ ಸಾಮಾನ್ಯವಾಗಿ ಬಳಸುವ 410 ಈ ಜಾತಿಯದು. ಕಲ್ಲುಪುಡಿ ಬೆರೆತ ನೀರಿನಲ್ಲಿ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುವ ದಂಡಕ್ಕೆ ಹೊಳಪಿಗಿಂತ ಗಡಸುತನ ಮುಖ್ಯ.

ಇದೇ ಮನೆತನದ ದೊಡ್ಡ ಬಂಧುವನ್ನು ಜಲವಿದ್ಯುತ್ ಕೇಂದ್ರಗಳಲ್ಲಿ ಕಾಣಬಹುದು. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟಿದೆ. ಅದರ ಬುಡದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಕೆಳಗಡೆ ಅಂಬಿಕಾನಗರದ ಬಳಿ ನಾಗಝರಿ ವಿದ್ಯುದಾಗಾರದಲ್ಲಿ ಇನ್ನೂ ಆರು ದೊಡ್ಡ ಯಂತ್ರಗಳು. ಇಂತಹ ಯಂತ್ರಗಳ ಚಕ್ರದ ಅಲಗುಗಳ ಮೇಲೆ ನೀರು ವೇಗವಾಗಿ ಸುಳಿಯುವಾಗ ಕೆಲವೆಡೆ ಒತ್ತಡ ಕುಸಿದು, ತಣ್ಣೀರಿನಲ್ಲಿಯೇ ಹಬೆಯ ಗುಳ್ಳೆಗಳೇಳುತ್ತವೆ. ಮುಂದಿನ ಕ್ಷಣದಲ್ಲಿ ಅವು ಒಡೆದಾಗ ಲೋಹದ ಮೇಲೆ ಸುತ್ತಿಗೆಯ ಪೆಟ್ಟಿನಂತಹ ಪೆಟ್ಟು ಬೀಳುತ್ತದೆ. ಇದನ್ನು ತಾಳಲು ಇಂದು ಸಾಮಾನ್ಯವಾಗಿ ಆರಿಸುವುದು ಶೇಕಡ 13 ಕ್ರೋಮಿಯಮ್, 4 ನಿಕ್ಕಲ್ ಉಳ್ಳ '13-4' ಎರಕದ ಉಕ್ಕನ್ನು. ಇಲ್ಲಿ ನೀರು ಸಿಹಿನೀರು. ತುಕ್ಕಿನ ಭಯ ಕಡಿಮೆ, ಪೆಟ್ಟಿನ ಭಯ ಹೆಚ್ಚು.

ನಾಲ್ಕನೆಯದು ಡ್ಯೂಪ್ಲೆಕ್ಸ್, ಎಂದರೆ ಇಬ್ಬಗೆಯ ಉಕ್ಕು. ಇದರಲ್ಲಿ ಆಸ್ಟೆನೈಟ್ ಮತ್ತು ಫೆರೈಟ್ ಹರಳುಗಳು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆತಿರುತ್ತವೆ. 2205 ಎಂಬುದು ಇದರ ಪ್ರಸಿದ್ಧ ಪ್ರತಿನಿಧಿ: ಶೇಕಡ 22 ಕ್ರೋಮಿಯಮ್, 5 ನಿಕ್ಕಲ್, 3 ಮಾಲಿಬ್ಡಿನಮ್. ಬಲದಲ್ಲಿ ಇದು 304ನ್ನು ಬಹುವಾಗಿ ಮೀರಿಸುತ್ತದೆ.

ಉಪ್ಪೆಂಬ ವೈರಿ

ಪೊರೆಯ ಬಲುದೊಡ್ಡ ವೈರಿ ಕ್ಲೋರೈಡು, ಎಂದರೆ ಉಪ್ಪಿನಲ್ಲಿರುವ ಕ್ಲೋರಿನ್ನಿನ ಅಯಾನು. ಪೊರೆಯಲ್ಲಿ ಎಲ್ಲಾದರೂ ದುರ್ಬಲ ಚುಕ್ಕೆಯಿದ್ದರೆ ಕ್ಲೋರೈಡು ಅಲ್ಲಿ ಒಳನುಗ್ಗುತ್ತದೆ. ಕರಗಿದ ಲೋಹದ ಅಯಾನುಗಳು ನೀರಿನೊಡನೆ ವರ್ತಿಸಿ ಕುಳಿಯೊಳಗೆ ಆಮ್ಲವನ್ನು ಹುಟ್ಟಿಸುತ್ತವೆ. ಆಮ್ಲ ಹೆಚ್ಚಿದಷ್ಟೂ ಲೋಹ ಕರಗುತ್ತದೆ. ಲೋಹ ಕರಗಿದಷ್ಟೂ ಇನ್ನಷ್ಟು ಕ್ಲೋರೈಡು ಒಳಗೆ ಸೆಳೆಯಲ್ಪಡುತ್ತದೆ. ಹೊರಗಿನ ವಿಶಾಲವಾದ ಮೇಲ್ಮೈ ಹೊಳೆಯುತ್ತಲೇ ಇದ್ದರೂ ಒಂದು ಕಿರುಕುಳಿ ಆಳವಾಗುತ್ತ ಹೋಗಿ ತೂತಾಗುತ್ತದೆ. ಲೋಹದ ತೂಕದಲ್ಲಿ ನಷ್ಟ ಗುಲಗಂಜಿಯಷ್ಟೂ ಇರಲಾರದು. ಆದರೆ ತೊಟ್ಟಿ ಸೋರುತ್ತದೆ.

ಉತ್ತರ ಕನ್ನಡದ ಮನೆಗಳಲ್ಲಿ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವುದು ಪಿಂಗಾಣಿಯ ಭರಣಿಯಲ್ಲಿ. ಉಪ್ಪು, ಹುಳಿ, ತಿಂಗಳುಗಟ್ಟಲೆಯ ಕಾಲ ಎಂಬ ಮೂರೂ ಕೂಡಿದಲ್ಲಿ ಸ್ಟೀಲಿನ ಡಬ್ಬಿಯನ್ನು ನಂಬದ ಹಿರಿಯರ ರೂಢಿಗೆ ಲೋಹಶಾಸ್ತ್ರದ ಸಮ್ಮತಿಯೂ ಉಂಟು. ಅದೇ ಡಬ್ಬಿಯಲ್ಲಿ ಅಕ್ಕಿಯನ್ನು ಎಷ್ಟು ಕಾಲವಾದರೂ ಇಡಬಹುದು.

ಕ್ಲೋರೈಡನ್ನು ಎದುರಿಸಲು ಉಕ್ಕಿಗೆ ಮಾಲಿಬ್ಡಿನಮ್ ಮತ್ತು ಸಾರಜನಕವನ್ನು ಬೆರಸುತ್ತಾರೆ. ಇವುಗಳ ಬಲವನ್ನು ಅಳೆಯಲು 'ಕುಳಿರೋಧಕ ಅಂಕ'ವೆಂಬ ಸರಳ ಲೆಕ್ಕವೊಂದುಂಟು: ಕ್ರೋಮಿಯಮಿನ ಶೇಕಡಾವಾರು, ಅದಕ್ಕೆ ಮಾಲಿಬ್ಡಿನಮಿನ 3.3 ಪಟ್ಟು, ಅದಕ್ಕೆ ಸಾರಜನಕದ 16 ಪಟ್ಟು, ಈ ಮೂರನ್ನೂ ಕೂಡಬೇಕು. 304ರಲ್ಲಿ ಕ್ರೋಮಿಯಮ್ 18. ಅಂಕವೂ ಸುಮಾರು 18. 316ರಲ್ಲಿ ಕ್ರೋಮಿಯಮ್ 17, ಮಾಲಿಬ್ಡಿನಮ್ 2. ಆದುದರಿಂದ 17 + 6.6 = 23.6. 2205ರಲ್ಲಿ ಸಾರಜನಕ 0.15 ಎಂದು ಹಿಡಿದರೆ 22 + 9.9 + 2.4 = 34.3. ಶೇಕಡ 20 ಕ್ರೋಮಿಯಮ್, 6 ಮಾಲಿಬ್ಡಿನಮ್, 0.2 ಸಾರಜನಕ ಉಳ್ಳ ಉಚ್ಚವರ್ಗದ ಉಕ್ಕಿಗೆ 20 + 19.8 + 3.2 = 43. ಈ ಅಂಕ ಉಕ್ಕಿನ ಆಯುಸ್ಸನ್ನು ಹೇಳುವುದಿಲ್ಲ. ಒಂದನ್ನು ಇನ್ನೊಂದರೊಡನೆ ಹೋಲಿಸಲು ಮಾತ್ರ ನೆರವಾಗುತ್ತದೆ. ಕಾಳಿಯ ಸಿಹಿನೀರಿಗೆ 304 ಧಾರಾಳವಾಗಿ ಸಾಕು. ಕಾರವಾರದ ಕಡಲಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡು ಇರುವುದರಿಂದ ಅಲ್ಲಿ ಸದಾ ಮುಳುಗಿರುವ ಭಾಗಗಳಿಗೆ 316 ಕೂಡ ಸಾಲದೆ ಹೋಗಬಹುದು.

ದಾಂಡೇಲಿಯ ಕಾಗದದಲ್ಲಿ ಅಡಗಿದ ಉಕ್ಕು

1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ದಾಂಡೇಲಿಗೆ ಕಾಗದದ ಊರೆಂಬ ಹೆಸರನ್ನು ತಂದಿತು. ಇಂತಹ ಕಾರ್ಖಾನೆಯೊಂದರಲ್ಲಿ ಉಕ್ಕಿಗೆ ಎದುರಾಗುವ ಪರೀಕ್ಷೆಗಳು ವಿಭಾಗದಿಂದ ವಿಭಾಗಕ್ಕೆ ಬೇರೆಯಾಗುತ್ತವೆ. ಇಲ್ಲಿ ನಾವು ಹೇಳುವುದು ಒಂದೇ ಕಾರ್ಖಾನೆಯ ವಿವರವಲ್ಲ. ಕ್ರಾಫ್ಟ್ ವಿಧಾನದ ಕಾಗದ ತಯಾರಿಕೆಯಲ್ಲಿ ಎಲ್ಲೆಡೆಯೂ ಕಂಡುಬರುವ ಸಂಗತಿ.

ಮೊದಲು ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಮ್ ಸಲ್ಫೈಡುಗಳ ದ್ರಾವಣದಲ್ಲಿ ಸುಮಾರು 170 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬೇಯಿಸುತ್ತಾರೆ. ಇಲ್ಲಿ ಕ್ಷಾರದ ಕಾಟ. ಹಿಂದೆ ದಪ್ಪನಾದ ಸಾಮಾನ್ಯ ಉಕ್ಕಿನ ಹಂಡೆಗಳನ್ನೇ ಬಳಸಿ, ಸವೆದಂತೆ ತೇಪೆ ಹಾಕುತ್ತಿದ್ದರು. ಈಗ ಡ್ಯೂಪ್ಲೆಕ್ಸ್ ಉಕ್ಕಿನ ಹಂಡೆಗಳೂ ಬಂದಿವೆ. ಬೆಂದ ಮೇಲೆ ಉಳಿಯುವ ಕಪ್ಪು ದ್ರಾವಣವನ್ನು ಬತ್ತಿಸುವ ಯಂತ್ರಗಳಲ್ಲಿ 304ರ ಕಡಿಮೆ ಇಂಗಾಲದ ರೂಪ ಸಲ್ಲುತ್ತದೆ.

ಕಠಿಣ ಪರೀಕ್ಷೆ ಬರುವುದು ಬ್ಲೀಚಿಂಗ್, ಎಂದರೆ ಚಲುವೆ ಮಾಡುವ ವಿಭಾಗದಲ್ಲಿ. ಕಂದು ತಿರುಳನ್ನು ಬೆಳ್ಳಗಾಗಿಸಲು ಬಳಸುವ ಕ್ಲೋರಿನ್ ಡಯಾಕ್ಸೈಡು ಬಲವಾದ ಉತ್ಕರ್ಷಕ. ದ್ರಾವಣ ಆಮ್ಲೀಯ, ಬೆಚ್ಚಗಿನದು, ಕ್ಲೋರೈಡಿನಿಂದ ತುಂಬಿದ್ದು. ಪೊರೆಯನ್ನು ಸೋಲಿಸಲು ಬೇಕಾದ ಎಲ್ಲ ಸಾಮಗ್ರಿಯೂ ಒಂದೆಡೆ ನೆರೆದಂತಾಯಿತು. ಇಲ್ಲಿ 304 ಬೇಗ ಕುಳಿಬೀಳುತ್ತದೆ, 316 ಕೂಡ ಹಲವು ಕಡೆ ನಿಲ್ಲಲಾರದು. ಶೇಕಡ 3ರಿಂದ 4 ಮಾಲಿಬ್ಡಿನಮ್ ಉಳ್ಳ 317ರ ಕಡಿಮೆ ಇಂಗಾಲದ ರೂಪ, ಅದಕ್ಕೂ ಮೇಲೆ 6 ಮಾಲಿಬ್ಡಿನಮಿನ ಉಕ್ಕು, ತೀರ ಕಠಿಣವಾದೆಡೆ ಟೈಟೇನಿಯಮ್, ಹೀಗೆ ಮೆಟ್ಟಲು ಮೆಟ್ಟಲಾಗಿ ಏರಬೇಕಾಗುತ್ತದೆ.

ಇದರಲ್ಲಿ ನದಿಯ ಹಿತವೂ ಅಡಗಿದೆ. ಹೊರಬಿಡುವ ನೀರನ್ನು ಕಡಿಮೆ ಮಾಡಬೇಕಾದರೆ ಕಾರ್ಖಾನೆ ಅದೇ ನೀರನ್ನು ಸೋಸಿ ಮತ್ತೆ ಮತ್ತೆ ಬಳಸಬೇಕು. ಹಾಗೆ ಬಳಸಿದಂತೆಲ್ಲ ಒಳಗಿನ ನೀರಿನಲ್ಲಿ ಕ್ಲೋರೈಡು ಕೂಡುತ್ತ ಹೋಗುತ್ತದೆ. ಹಿಂದೆ ಸಾಕಾಗಿದ್ದ ಉಕ್ಕು ಈಗ ಸಾಲದಾಗುತ್ತದೆ. ಮೊಸಳೆಗಳು ಬಿಸಿಲು ಕಾಯಿಸುವ ದಾಂಡೇಲಿಯ ಕಾಳೀನದಿಯಂತಹ ಹೊಳೆಯನ್ನು ಶುದ್ಧವಾಗಿಡಲು ಕಾನೂನಿನೊಡನೆ ಉತ್ತಮವಾದ ಉಕ್ಕೂ ಬೇಕೆಂಬುದನ್ನು ನಾವು ಮರೆಯಬಾರದು.

ಒಂದೇ ಉಕ್ಕಿಗೆ ಹಲವು ಹೆಸರು

ಕಾರ್ಖಾನೆಯೊಂದರಲ್ಲಿ ಯಂತ್ರ ಜರ್ಮನಿಯದಿರಬಹುದು, ಪಂಪು ಜಪಾನಿನದು, ನಕ್ಷೆ ಅಮೆರಿಕದ್ದು, ದುರಸ್ತಿಗೆ ಕೊಳ್ಳುವ ತಗಡು ಭಾರತದ್ದು. ಒಬ್ಬೊಬ್ಬರೂ ಉಕ್ಕನ್ನು ತಮ್ಮ ತಮ್ಮ ಹೆಸರಿನಿಂದ ಕರೆಯುತ್ತಾರೆ. ಈ ಹೆಸರುಗಳಿಗೂ ವ್ಯಾಕರಣವಿದೆ. ಅದನ್ನರಿತರೆ ಓದುವುದು ಕಷ್ಟವಲ್ಲ.

ಅಮೆರಿಕದ ಉಕ್ಕು ಸಂಸ್ಥೆಯ ಹಳೆಯ ಪದ್ಧತಿ ಮೂರು ಅಂಕೆಗಳದು. 200ರ ಸಾಲು ಮ್ಯಾಂಗನೀಸ್ ಬೆರೆತ ಆಸ್ಟೆನೈಟ್ ಉಕ್ಕುಗಳು. 300ರ ಸಾಲು ನಿಕ್ಕಲ್ ಬೆರೆತವು. 400ರ ಸಾಲಿನಲ್ಲಿ ಫೆರೈಟ್ ಮತ್ತು ಮಾರ್ಟೆನ್ಸೈಟ್ ಉಕ್ಕುಗಳು. ಕೊನೆಯಲ್ಲಿ 'ಎಲ್' ಎಂದಿದ್ದರೆ ಇಂಗಾಲ ಕಡಿಮೆ ಎಂದರ್ಥ. ಇದನ್ನೇ ಐದಂಕೆಗೆ ಬೆಳೆಸಿ, ಮೊದಲಲ್ಲಿ 'ಎಸ್' ಅಕ್ಷರವಿಟ್ಟು, 304ನ್ನು ಎಸ್ 30400 ಎಂದೂ 304ಎಲ್ ಅನ್ನು ಎಸ್ 30403 ಎಂದೂ ಏಕೀಕೃತ ಪದ್ಧತಿಯಲ್ಲಿ ಬರೆಯುತ್ತಾರೆ. ಜಪಾನಿನವರು ಅಮೆರಿಕದ ಅಂಕೆಗಳನ್ನೇ ಉಳಿಸಿಕೊಂಡು ಮುಂದೆ 'ಎಸ್‌ಯುಎಸ್' ಎಂದು ಸೇರಿಸಿದ್ದಾರೆ.

ಯೂರೋಪಿನ ಪದ್ಧತಿಯಲ್ಲಿ ಪ್ರತಿ ಉಕ್ಕಿಗೂ ಒಂದು ಸಂಖ್ಯೆ, ಒಂದು ಹೆಸರು. 304ಕ್ಕೆ ಸಂಖ್ಯೆ 1.4301, ಹೆಸರು 'ಎಕ್ಸ್5 ಸಿಆರ್‌ಎನ್‌ಐ 18-10'. ಎಕ್ಸ್ ಎಂದರೆ ಮಿಶ್ರಣ ಹೆಚ್ಚಾಗಿರುವ ಉಕ್ಕು. 5 ಎಂದರೆ ಇಂಗಾಲ ಸುಮಾರು ಶೇಕಡ 0.05, ಮುಂದೆ ಕ್ರೋಮಿಯಮ್ 18, ನಿಕ್ಕಲ್ 10. ಸಂಖ್ಯೆಯಲ್ಲಿ 1.43 ಎಂದಿದ್ದರೆ ನಿಕ್ಕಲ್ ಇದೆ, ಮಾಲಿಬ್ಡಿನಮ್ ಇಲ್ಲ, 1.44 ಎಂದಿದ್ದರೆ ಎರಡೂ ಇವೆ, 1.40 ಎಂದಿದ್ದರೆ ನಿಕ್ಕಲ್ ಅಲ್ಪ. ಭಾರತದ ಐಎಸ್ 6911 ಮಾನಕದಲ್ಲಿ 304ಕ್ಕೆ 'ಎಕ್ಸ್04 ಸಿಆರ್19 ಎನ್‌ಐ9' ಎಂಬ ಇಂತಹುದೇ ಹೆಸರಿದೆ. ಚೀನದವರು '06 ಸಿಆರ್19 ಎನ್‌ಐ10' ಎನ್ನುತ್ತಾರೆ. ರಷ್ಯದವರು ತಮ್ಮ ಲಿಪಿಯಲ್ಲಿ '08 ಖ18 ನ10' ಎಂಬಂತೆ ಬರೆಯುತ್ತಾರೆ. ಖ ಎಂಬುದು ಕ್ರೋಮಿಯಮಿಗೆ, ನ ಎಂಬುದು ನಿಕ್ಕಲಿಗೆ.

ಮುಖ್ಯವಾದ ಕೆಲವು ಹೆಸರುಗಳನ್ನು ಒಟ್ಟಿಗಿಟ್ಟು ನೋಡೋಣ.

304: ಯೂರೋಪಿನ 1.4301, ಜಪಾನಿನ ಎಸ್‌ಯುಎಸ್ 304, ಏಕೀಕೃತ ಎಸ್ 30400. ಪಾತ್ರೆ, ಹಾಲಿನ ತೊಟ್ಟಿ, ಸಿಹಿನೀರು.

304ಎಲ್: 1.4307 ಮತ್ತು 1.4306, ಎಸ್‌ಯುಎಸ್ 304ಎಲ್, ಎಸ್ 30403. ಬೆಸುಗೆ ಹಾಕುವ ದಪ್ಪ ತಗಡು.

316: 1.4401, ಎಸ್‌ಯುಎಸ್ 316, ಎಸ್ 31600. ಉಪ್ಪಿನ ಸೋಂಕು ಇರುವಲ್ಲಿ.

316ಎಲ್: 1.4404, 1.4432 ಮತ್ತು 1.4435, ಎಸ್‌ಯುಎಸ್ 316ಎಲ್, ಎಸ್ 31603. ಔಷಧ, ರಾಸಾಯನಿಕ, ಕಾಗದ.

317ಎಲ್: 1.4438, ಎಸ್‌ಯುಎಸ್ 317ಎಲ್, ಎಸ್ 31703. ಚಲುವೆಯ ವಿಭಾಗ.

410: 1.4006, ಎಸ್‌ಯುಎಸ್ 410, ಎಸ್ 41000. ಪಂಪಿನ ದಂಡ.

430: 1.4016, ಎಸ್‌ಯುಎಸ್ 430, ಎಸ್ 43000. ಒಣ ಜಾಗದ ಗೃಹೋಪಕರಣ.

2205: 1.4462, ಎಸ್ 32205. ಬಲವೂ ಉಪ್ಪಿನ ತಡೆಯೂ ಬೇಕಾದಲ್ಲಿ.

ಈ ಭಿನ್ನ ಹೆಸರುಗಳನ್ನು ಹೊಂದಿಸಲು ಐಎಸ್ಒ 15510 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರಲ್ಲಿ 304ರ ಜಾತಿಗೆ 4301-304-00-ಐ ಎಂದು ಸಂಖ್ಯೆ. ಮೊದಲ ಭಾಗ ಯೂರೋಪಿನದು, ಮುಂದಿನವು ಅಮೆರಿಕದವು. ಎರಡು ಊರಿನ ಮನೆಹೆಸರುಗಳನ್ನು ಒಂದೇ ಚೀಟಿಯಲ್ಲಿ ಬರೆದಂತೆ.

ಸಮಾನವೆಂದರೆ ಒಂದೇ ಅಲ್ಲ

ಈ ಪಾಠದ ತಿರುಳು ಇರುವುದು ಇಲ್ಲಿ. ಮೇಲಿನ ಪಟ್ಟಿಯಲ್ಲಿ ಅಮೆರಿಕದ ಒಂದು 316ಎಲ್ ಗೆ ಯೂರೋಪಿನ ಮೂರು ಸಂಖ್ಯೆಗಳಿರುವುದನ್ನು ವಾಚಕರು ಗಮನಿಸಿರಬಹುದು. ಮಾನಕವು ಹೇಳುವುದು ಒಂದು ಅಂಕೆಯನ್ನಲ್ಲ, ಎರಡು ಎಲ್ಲೆಗಳನ್ನು. ಅಮೆರಿಕದ 316ಎಲ್ ನಲ್ಲಿ ಕ್ರೋಮಿಯಮ್ 16ರಿಂದ 18, ಮಾಲಿಬ್ಡಿನಮ್ 2ರಿಂದ 3 ಇರಬಹುದು. ಯೂರೋಪಿನ 1.4404ರಲ್ಲಿ ಕ್ರೋಮಿಯಮ್ 16.5ರಿಂದ 18.5, ಮಾಲಿಬ್ಡಿನಮ್ 2ರಿಂದ 2.5. ಅಲ್ಲಿಯದೇ 1.4435ರಲ್ಲಿ ಕ್ರೋಮಿಯಮ್ 17ರಿಂದ 19, ಮಾಲಿಬ್ಡಿನಮ್ 2.5ರಿಂದ 3.

ಮಾರುವವನು ಕೆಳಗಿನ ಎಲ್ಲೆಗೆ ಅಂಟಿಕೊಂಡು ಉಕ್ಕನ್ನು ತಯಾರಿಸಿದನೆಂದು ಭಾವಿಸೋಣ. ಮಾಲಿಬ್ಡಿನಮ್ ದುಬಾರಿಯಾದ್ದರಿಂದ ಹಾಗೆ ಮಾಡುವುದು ಸಹಜ. ಸಾರಜನಕವನ್ನು ಬಿಟ್ಟು ಕುಳಿರೋಧಕ ಅಂಕವನ್ನು ಕಟ್ಟಿದರೆ 316ಎಲ್ ಗೆ 22.6, 1.4404ಕ್ಕೆ 23.1, 1.4435ಕ್ಕೆ 25.25 ಬರುತ್ತದೆ. ಮೂರೂ 'ಸಮಾನ'ವೆಂದು ಕೋಷ್ಟಕ ಹೇಳುತ್ತದೆ. ಉಪ್ಪುನೀರು ಹಾಗೆ ಹೇಳುವುದಿಲ್ಲ. ನಕ್ಷೆಯಲ್ಲಿ 1.4435 ಎಂದಿದ್ದಲ್ಲಿ ಬರಿಯ 316ಎಲ್ ತಗಡನ್ನು ತಂದು ಬೆಸೆದರೆ, ಮೋಸ ಮಾಡಿದವರು ಯಾರೂ ಇಲ್ಲದೆಯೇ ತೊಟ್ಟಿ ಸೋರಬಹುದು. ಸಮಾನ ಹೆಸರುಗಳ ಕೋಷ್ಟಕ ಹುಡುಕಾಟದ ಮೊದಲ ಮೆಟ್ಟಲು, ಕೊನೆಯದಲ್ಲ.

'ಎಲ್' ಎಂಬ ಒಂದಕ್ಷರದ ಬೆಲೆಯನ್ನೂ ನೋಡೋಣ. ಬೆಸುಗೆಯ ಪಕ್ಕದ ಲೋಹ 450ರಿಂದ 850 ಡಿಗ್ರಿಯ ನಡುವೆ ಕೆಲಕಾಲ ನಿಂತರೆ ಇಂಗಾಲವು ಹರಳುಗಳ ಅಂಚಿಗೆ ಸರಿದು ಕ್ರೋಮಿಯಮಿನೊಡನೆ ಕಾರ್ಬೈಡಾಗುತ್ತದೆ. ಈ ಕಾರ್ಬೈಡಿನಲ್ಲಿ ಆರು ಇಂಗಾಲದ ಪರಮಾಣುಗಳಿಗೆ ಇಪ್ಪತ್ತಮೂರು ಕ್ರೋಮಿಯಮ್. ತೂಕದಲ್ಲಿ ಇಂಗಾಲದ ಒಂದು ಪಾಲು ಹದಿನಾರೂವರೆ ಪಾಲು ಕ್ರೋಮಿಯಮನ್ನು ಕಟ್ಟಿಹಾಕುತ್ತದೆ. ಇಂಗಾಲ ಶೇಕಡ 0.08 ಇದ್ದರೆ ಕಟ್ಟಿಬೀಳುವ ಕ್ರೋಮಿಯಮ್ 1.3, 0.03 ಇದ್ದರೆ 0.5 ಮಾತ್ರ. ಈ ನಷ್ಟವೆಲ್ಲ ಹರಳಿನ ಅಂಚಿನ ಕಿರಿದಾದ ಪಟ್ಟಿಯಿಂದಲೇ ಆಗುವುದರಿಂದ ಅಲ್ಲಿ ಪೊರೆಗೆ ಬೇಕಾದ ಕ್ರೋಮಿಯಮ್ ಉಳಿಯದೆ, ಅಂಚಿನುದ್ದಕ್ಕೂ ಲೋಹ ಬಿರಿಯುತ್ತದೆ. ಬೆಸೆಯುವ ಕೆಲಸಕ್ಕೆ 'ಎಲ್' ಉಕ್ಕನ್ನು ಕೇಳುವುದು ಇದಕ್ಕಾಗಿ.

ಇನ್ನು ಅಂಗಡಿಯ ಮಾತು. ನಿಕ್ಕಲಿನ ಬೆಲೆ ಹೆಚ್ಚಾದ್ದರಿಂದ ಅದರ ಸ್ಥಾನದಲ್ಲಿ ಮ್ಯಾಂಗನೀಸನ್ನಿಟ್ಟು 200ರ ಸಾಲಿನ ಉಕ್ಕನ್ನು ತಯಾರಿಸುತ್ತಾರೆ. ಈ ಕಾಡುಸೀಮೆಗೆ ಮ್ಯಾಂಗನೀಸ್ ಹೊಸದಲ್ಲ. ಇಲ್ಲಿ ಅದರ ಅದಿರನ್ನು ಹಿಂದೆ ಅಗೆಯುತ್ತಿದ್ದರು, ದಾಂಡೇಲಿಯಲ್ಲಿ ಫೆರೋ ಮ್ಯಾಂಗನೀಸ್ ಕಾರ್ಖಾನೆಯೂ ನಡೆದಿತ್ತು. 201ರಲ್ಲಿ ನಿಕ್ಕಲ್ ಶೇಕಡ 3.5ರಿಂದ 5.5, ಮಾರುಕಟ್ಟೆಯ ಕೆಲವು ಉಕ್ಕುಗಳಲ್ಲಿ ಶೇಕಡ ಒಂದರ ಆಸುಪಾಸು. ಒಣ ಕೆಲಸಕ್ಕೆ ಇವೂ ಸಲ್ಲುತ್ತವೆ. ಪಾತ್ರೆಗಳಿಗಾಗುವ ಕಡಿಮೆ ನಿಕ್ಕಲಿನ ಉಕ್ಕಿಗೆ ಐಎಸ್ 15997 ಎಂಬ ಬೇರೆ ಮಾನಕವೇ ಇದೆ. ತಪ್ಪಿರುವುದು ಇವನ್ನು 304ರ ಹೆಸರಿನಲ್ಲಿ ಮಾರುವುದರಲ್ಲಿ.

ಅಯಸ್ಕಾಂತ ಅಂಟದಿದ್ದರೆ ಉತ್ತಮ ಉಕ್ಕು, ಅಂಟಿದರೆ ಕಳಪೆ ಎಂಬ ನಂಬಿಕೆ ಜನರಲ್ಲಿದೆ. ಅದು ಸರಿಯಲ್ಲ. 200ರ ಸಾಲೂ 300ರ ಸಾಲೂ ಅಯಸ್ಕಾಂತಕ್ಕೆ ಅಂಟುವುದಿಲ್ಲವಾಗಿ ಈ ಪರೀಕ್ಷೆ ಅವೆರಡನ್ನು ಬೇರ್ಪಡಿಸಲಾರದು. ಒತ್ತಿ ಬಾಗಿಸಿದ ಅಸಲಿ 304ರ ಅಂಚು ಅಲ್ಪವಾಗಿ ಅಂಟುವುದುಂಟು. ಅಂಟುವ 430 ತುಕ್ಕುರೋಧಕ ಉಕ್ಕೇ ಹೌದು. ಖಚಿತವಾಗಿ ತಿಳಿಯಲು ಎಕ್ಸ್ ಕಿರಣಗಳ ಕೈಯುಪಕರಣವಿದೆ. ಅದು ಬಿಟ್ಟ ಕಿರಣಕ್ಕೆ ಪ್ರತಿಯಾಗಿ ಪ್ರತಿಯೊಂದು ಧಾತುವೂ ತನ್ನದೇ ಆದ ಶಕ್ತಿಯ ಕಿರಣವನ್ನು ಸೂಸುತ್ತದೆ. ಅದನ್ನು ಅಳೆದು ಕ್ರೋಮಿಯಮ್, ನಿಕ್ಕಲ್, ಮ್ಯಾಂಗನೀಸ್, ಮಾಲಿಬ್ಡಿನಮುಗಳ ಪ್ರಮಾಣವನ್ನು ಕ್ಷಣಾರ್ಧದಲ್ಲಿ ಹೇಳಬಹುದು. ಆದರೆ ಇಂಗಾಲದ ಕಿರಣ ಬಲು ದುರ್ಬಲವಾದ್ದರಿಂದ ಈ ಉಪಕರಣ ಅದನ್ನು ಕಾಣಲಾರದು. 304 ಮತ್ತು 304ಎಲ್ ಗಳ ಭೇದ ಇದರಿಂದ ತಿಳಿಯುವುದಿಲ್ಲ. ಅದಕ್ಕೆ ಕಿಡಿಯ ಬೆಳಕನ್ನು ಬಿಡಿಸಿ ನೋಡುವ ರೋಹಿತಮಾಪಕ ಬೇಕು, ಇಲ್ಲವೇ ತಯಾರಕನ ಪರೀಕ್ಷಾಪತ್ರವನ್ನು ತಗಡಿನ ಮೇಲಿನ ಎರಕದ ಸಂಖ್ಯೆಯೊಡನೆ ತಾಳೆ ನೋಡಬೇಕು.

ನಾಳೆ ಎಂಜಿನಿಯರುಗಳಾಗಿ, ಉಗ್ರಾಣಾಧಿಕಾರಿಗಳಾಗಿ, ಪಂಪು ಕೊಳ್ಳುವ ರೈತರಾಗಿ ನಮ್ಮ ವಿದ್ಯಾರ್ಥಿಗಳು ಈ ಆಯ್ಕೆಯನ್ನು ಮಾಡಬೇಕಾಗುತ್ತದೆ. ಆಗ ಕೇಳಬೇಕಾದ ಪ್ರಶ್ನೆಗಳು ಮೂರು: ಈ ಉಕ್ಕನ್ನು ಮುಟ್ಟುವ ದ್ರವ ಯಾವುದು? ಅದರಲ್ಲಿ ಕ್ಲೋರೈಡು ಎಷ್ಟು, ಬಿಸಿ ಎಷ್ಟು? ಹೆಸರಿನ ಹಿಂದಿರುವ ಶೇಕಡಾವಾರುಗಳು ಯಾವುವು? ಹೆಸರು ಯಾವ ದೇಶದ್ದಾದರೂ ಆಗಲಿ, ನಂಬಬೇಕಾದದ್ದು ಆ ಶೇಕಡಾವಾರುಗಳನ್ನು.

ಅಭ್ಯಾಸ

1. ಶೇಕಡ 20 ಕ್ರೋಮಿಯಮ್, 4.5 ಮಾಲಿಬ್ಡಿನಮ್ ಉಳ್ಳ 904ಎಲ್ ಎಂಬ ಉಕ್ಕಿನ ಕುಳಿರೋಧಕ ಅಂಕವನ್ನು ಸಾರಜನಕ ಬಿಟ್ಟು ಲೆಕ್ಕಹಾಕಿರಿ. ಅದನ್ನು 2205ರ ಅಂಕದೊಡನೆ ಹೋಲಿಸಿರಿ.

2. 1.4401 ಎಂಬ ಸಂಖ್ಯೆಯನ್ನು ನೋಡಿದೊಡನೆ, ಕೋಷ್ಟಕವನ್ನು ತೆರೆಯದೆ, ಆ ಉಕ್ಕಿನ ಬಗ್ಗೆ ಏನೇನು ಹೇಳಬಹುದು?

3. ನಿಮ್ಮ ಮನೆಯ ಐದು ಸ್ಟೀಲ್ ವಸ್ತುಗಳ ತಳಕ್ಕೂ ಅಂಚಿಗೂ ಅಯಸ್ಕಾಂತವನ್ನು ಹಿಡಿದು ನೋಡಿರಿ. ಒಂದೇ ಪಾತ್ರೆಯ ತಳ ಅಂಟದೆ ಅಂಚು ತುಸು ಅಂಟಿದರೆ ಅದಕ್ಕೆ ಕಾರಣವೇನು?